ನಮ್ಮ ಕಲ್ಲಿನ ಮೇಲೆ ಕುಣಿದ ಬ್ಯಾಂಡು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಪಾಸಣೆಯ ಕೆಲಸ ಮಾಡಿದವಳು ನಾನು. ಎದುರಿಗೆ ಎಲ್ಲರೂ ರತ್ನಮ್ಮನವರೇ ಎನ್ನುತ್ತಿದ್ದರು, ಬೆನ್ನ ಹಿಂದೆ ರಿಜೆಕ್ಟ್ ರತ್ನಮ್ಮ. ಇದು ನನಗೆ ಗೊತ್ತಿಲ್ಲವೆಂದು ಇಡೀ ಕಾರ್ಖಾನೆ ನಂಬಿಕೊಂಡಿತ್ತು. ನನ್ನ ಕಿವಿ ಚೆನ್ನಾಗಿಯೇ ಇತ್ತು. ಈಗ ನಿವೃತ್ತಿಯಾಗಿ ರಾಜಗೋಪಾಲನಗರದ ಮನೆಯಲ್ಲಿ ಕೂತು ಹುರುಳಿಕಾಯಿ ಬಿಡಿಸುವಾಗಲೂ ಡೊಂಕಾದದ್ದನ್ನು ಬೇರೆ ತಟ್ಟೆಗೆ ಹಾಕುತ್ತೇನೆ. ಮನೆಯವರು ನಗುತ್ತಾರೆ. ನಗಲಿ ಬಿಡಿ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಆಗಾಗ ಬಂದು "ಮೇಡಂ, ಟಿಪ್ಸ್ ಕೊಡಿ" ಎಂದು ಕೇಳುತ್ತಾರೆ. ನನ್ನ ಹತ್ತಿರ ಟಿಪ್ಸ್ ಇಲ್ಲ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದನ್ನೆಲ್ಲ ಕೇಳಿದರೆ ನಿಮಗೂ ಆಕಳಿಕೆ, ನನಗೂ ಆಕಳಿಕೆ. ಅದರ ಬದಲು ನಾನು ಮಾಡಿದ ಒಂದು ದೊಡ್ಡ ಎಡವಟ್ಟನ್ನು ಹೇಳುತ್ತೇನೆ. ಅದರಲ್ಲಿ ಒಂದು ರಾಕ್ ಬ್ಯಾಂಡು ಬರುತ್ತದೆ, ಹೆದರಬೇಡಿ.

ಮೊದಲು ಕಲ್ಲಿನ ವಿಷಯ. ಸರ್ಫೇಸ್ ಪ್ಲೇಟ್ ಎಂದು ಪುಸ್ತಕದಲ್ಲಿ ಹೆಸರು, ನಮ್ಮ ಬಾಯಲ್ಲಿ ಬರೀ ಕಲ್ಲು. ಊಟದ ಮೇಜಿನಷ್ಟು ಅಗಲದ ಕಪ್ಪು ಗ್ರಾನೈಟಿನ ದಪ್ಪ ಹಲಗೆ, ಮಷೀನುಗಳ ಪಕ್ಕದ ಗಾಜಿನ ಕೋಣೆಯಲ್ಲಿ ಕಬ್ಬಿಣದ ಕಾಲುಗಳ ಮೇಲೆ ಕೂತಿರುತ್ತದೆ. ಇಡೀ ಪೀಣ್ಯದಲ್ಲಿ ಸಮತಟ್ಟಾಗಿರುವ ಜಾಗ ಅದೊಂದೇ; ಅಲ್ಲಿನ ರಸ್ತೆಗಳಲ್ಲಿ ಓಡಾಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಪಂಪುಗಳಿಗೆ ಶಾಫ್ಟ್, ಅಂದರೆ ಒಳಗೆ ತಿರುಗುವ ಉಕ್ಕಿನ ಸರಳು, ಮಾಡುತ್ತಿದ್ದೆವು. ಶಾಫ್ಟನ್ನು ಕಲ್ಲಿನ ಮೇಲಿಟ್ಟು ತಿರುಗಿಸಿ, ಡಯಲ್ ಗೇಜಿನ ಮುಳ್ಳು ಎಷ್ಟು ಅಲುಗುತ್ತದೆಂದು ನೋಡಿದರೆ ಅದು ನೆಟ್ಟಗಿದೆಯೋ ಡೊಂಕೋ ತಿಳಿಯುತ್ತದೆ. ಕಲ್ಲೇ ಕೆಟ್ಟರೆ ನೆಟ್ಟಗಿದ್ದದ್ದು ಡೊಂಕಾಗಿ ಕಾಣುತ್ತದೆ. ಡೊಂಕಾದದ್ದು ನೆಟ್ಟಗೆ ಕಂಡರಂತೂ ಮುಗಿಯಿತು, ಯಾರದೋ ತೋಟದ ಬಾವಿಯಲ್ಲಿ ಪಂಪು ಗಡಗಡ ಎನ್ನುತ್ತದೆ.

ಸೇರಿದ ವಾರದಲ್ಲೇ ನಾನು ಆ ಕಲ್ಲಿನ ಮೇಲೆ ಸ್ಟೀಲ್ ಲೋಟದಲ್ಲಿ ಕಾಫಿ ಇಟ್ಟೆ. ಫೋರ್‌ಮನ್ ಮುನಿಯಪ್ಪ ಅಷ್ಟು ದೂರದಿಂದ ಓಡಿಬಂದರು.

"ಏನವ್ವಾ ಇಂಗ್ ಮಾಡ್ಬುಟ್ಟೆ! ನಿಮ್ಮನೇಲಿ ದ್ಯಾವ್ರ ತಲೆ ಮ್ಯಾಲೆ ಲೋಟ ಮಡುಗ್ತೀಯಾ?"

"ಟೇಬಲ್ ಅಂದ್ಕೊಂಡೆ ಸಾರ್."

"ಟೇಬಲ್ಲಾ? ಅಯ್ಯೋ ನನ್ ಕರ್ಮವೇ!"

ಒಂದು ವಾರ ನನಗೆ ಬೇರೆ ಕೆಲಸ ಕೊಡಲಿಲ್ಲ. ಬೆಳಿಗ್ಗೆ ಒರೆಸು, ಮಧ್ಯಾಹ್ನ ಒರೆಸು, ಸಂಜೆ ಒರೆಸಿ ಹೊದಿಕೆ ಹಾಕು. ಆಯುಧಪೂಜೆಯ ದಿನ ಶಾಫ್ಟ್ ಕಡೆಯುವ ಲೇತಿನಿಂದ ಹಿಡಿದು ಕಸಪೊರಕೆಯವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚುತ್ತಿದ್ದರು, ಕಲ್ಲಿನ ಮೈಗೆ ಮಾತ್ರ ಇಲ್ಲ, ಅದರ ಕಬ್ಬಿಣದ ಕಾಲಿಗಷ್ಟೇ. ಮುನಿಯಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಇವತ್ತಿಗೂ ಯಾರಾದರೂ ಎಲ್ಲಾದರೂ ಲೋಟ ಇಟ್ಟರೆ ಅದರ ಅಡಿಯಲ್ಲಿ ಏನಿದೆ ಎಂದು ಮೊದಲು ನೋಡುತ್ತೇನೆ.

ಎರಡನೆಯದು ಕೆಂಪು ಚೀಟಿ. ಒಂದು ವಸ್ತು ಅಳತೆಗೆ ಬರದಿದ್ದರೆ ಅದಕ್ಕೆ ದಾರ ಪೋಣಿಸಿದ ಕೆಂಪು ಚೀಟಿ ಕಟ್ಟಬೇಕು. ಅದರಲ್ಲಿ ಮೂರು ಗೆರೆ: ಏನು ದೋಷ, ಕಾರಣರಾದವರು ಯಾರು, ತಪಾಸಣೆ ಮಾಡಿದವರು ಯಾರು. ನಡುವಿನ ಗೆರೆ ತುಂಬುವಾಗಲೇ ಜಗಳ. ಬಾಗಲಕೋಟೆ, ರಾಯಚೂರು ಕಡೆಯಿಂದ ಬಂದ ಲೇತಿನ ಹುಡುಗರು "ಅಕ್ಕಾರ, ನನ್ನ ಹೆಸರ ಬರೀಬ್ಯಾಡ್ರಿ, ಮಷೀನಿನ ಹೆಸರ ಬರೀರಿ" ಎಂದು ಗೋಗರೆಯುತ್ತಿದ್ದರು. ನಾನು ಯಾವತ್ತೂ ಮಷೀನಿನ ಹೆಸರು ಬರೆದವಳಲ್ಲ. ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

ಕಾಲ ಕಳೆದಂತೆ ಗೆರೆ ನೋಡಿ ಅಳೆಯುವ ವರ್ನಿಯರ್ ಹೋಗಿ ಅಂಕಿ ತೋರಿಸುವ ವರ್ನಿಯರ್ ಬಂತು, ದಪ್ಪ ರಿಜಿಸ್ಟರ್ ಹೋಗಿ ಕಂಪ್ಯೂಟರ್ ಬಂತು. ಕಲ್ಲು ಮಾತ್ರ ಅಲ್ಲೇ ಕೂತಿತ್ತು.

ತುಮಕೂರು ರಸ್ತೆಯ ಉದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ನಮ್ಮ ಮಾಲೀಕರು ರಂಗರಾಜು ಸಾರ್, ಅವರ ಒಬ್ಬನೇ ಮಗ ಚೇತನ್. ಇಂಜಿನಿಯರಿಂಗ್ ಮುಗಿಸಿ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂರಬೇಕಾದವನು ವೈಟ್‌ಫೀಲ್ಡ್ ಹತ್ತಿರದ ಹೂಡಿಯಲ್ಲಿ ಒಂದು ರೂಮು ಹಿಡಿದು ಗೆಳೆಯರ ಜೊತೆ ಗಿಟಾರು ಬಾರಿಸುತ್ತಿದ್ದ. ಬ್ಯಾಂಡಿನ ಹೆಸರು ತುಕ್ಕು. ಕೇಳಿದಾಗ ನನಗೆ ಮೈ ಉರಿದುಹೋಯಿತು. ಒಂದೊಂದು ಶಾಫ್ಟಿಗೂ ತುಕ್ಕು ಹಿಡಿಯದಿರಲೆಂದು ನಾವು ವರ್ಷಪೂರ್ತಿ ಎಣ್ಣೆ ಬಳಿಯುತ್ತಿದ್ದೇವೆ, ಇವನು ಅದನ್ನೇ ಹೆಸರಾಗಿ ಇಟ್ಟುಕೊಂಡಿದ್ದಾನೆ!

ಅವರ ಮೊದಲ ಹಾಡಿಗೆ ವಿಡಿಯೋ ಮಾಡಬೇಕಿತ್ತು. ವಿಡಿಯೋ ತೆಗೆಯುವುದು, ಪೋಸ್ಟರ್ ಮಾಡುವುದು, ಆಲ್ಬಮ್ಮಿನ ಹೊದಿಕೆ ಬಿಡಿಸುವುದು ಎಲ್ಲ ವೈಟ್‌ಫೀಲ್ಡಿನ ನಿಶಾ ಎಂಬ ಹುಡುಗಿಯ ಜವಾಬ್ದಾರಿ. ಅವಳು ಕಾರ್ಖಾನೆ ನೋಡಿ "ವಾವ್, ಎಷ್ಟು ರಾ ಆಗಿದೆ!" ಎಂದಳಂತೆ. ಭಾನುವಾರ ಯಾರೂ ಇರುವುದಿಲ್ಲ, ಶೂಟಿಂಗ್ ಮಾಡಿಕೊಳ್ಳಿ ಎಂದು ರಂಗರಾಜು ಸಾರ್ ಬಾಗಿಲ ಕೀ ಕೊಟ್ಟರು. ನನಗೆ ಹೇಳಲೇ ಇಲ್ಲ. ಹೇಳಿದ್ದರೆ ನಾನು ಬಿಡುತ್ತಿರಲಿಲ್ಲವೆಂದು ಅವರಿಗೂ ಗೊತ್ತಿತ್ತು.

ಶನಿವಾರ ನಾನು ಓದುವ ಕನ್ನಡಕ ಮರೆತು ಬಂದಿದ್ದೆ. ಭಾನುವಾರ ಬೆಳಿಗ್ಗೆ ತರಲು ಹೋದರೆ, ಕಾರ್ಖಾನೆ ತುಂಬ ಹೊಗೆ. ಬೆಂಕಿ ಬಿದ್ದಿದೆ ಎಂದುಕೊಂಡು ಸೆರಗು ಮೂಗಿಗೆ ಹಿಡಿದು ಒಳಗೆ ನುಗ್ಗಿದೆ. ಕಿವಿ ಒಡೆದುಹೋಗುವಂಥ ಸದ್ದು. ಹೊಗೆಯ ನಡುವೆ ಉದ್ದ ಕೂದಲು ಬಿಟ್ಟುಕೊಂಡು, ಕಣ್ಣಿಗೆ ಕಾಡಿಗೆ ಮೆತ್ತಿಕೊಂಡು ಯಾರೋ ಒಬ್ಬ ಎಗರಿ ಎಗರಿ ಹಾಡುತ್ತಿದ್ದಾನೆ. ಎಲ್ಲಿ? ನನ್ನ ಕಲ್ಲಿನ ಮೇಲೆ. ಬೂಟು ಹಾಕಿಕೊಂಡು!

ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ.

"ಇಳಿಯೋ ಕೆಳಗೆ! ನಿಮ್ಮಪ್ಪನ ಮನೆ ಜಗಲಿ ಅಂದ್ಕೊಂಡಿದೀಯಾ? ಬೂಟು ಬಿಚ್ಚೋ! ಬಿಚ್ಬೇಡ, ಮೊದ್ಲು ಇಳಿ! ಕಲ್ಲು ಅಂದ್ರೆ ಏನಂತ ಗೊತ್ತೇನೋ ನಿಂಗೆ, ದರಿದ್ರದವನೇ!"

"ಆಂಟಿ, ನಾನು ಆಂಟಿ... ಚೇತನ್."

"ಯಾವನಾದ್ರೆ ನಂಗೇನೋ? ಇಳೀ ಅಂದೆ!"

ತೋಳು ಹಿಡಿದು ಎಳೆದು ಇಳಿಸಿದೆ. ಹಾಗೆ ನೋಡಿದರೆ ಅದು ಅವನ ಅಪ್ಪನ ಮನೆಯೇ, ನನಗೆ ಆಮೇಲೆ ಹೊಳೆಯಿತು. ಮೂಲೆಯಲ್ಲಿ ಎಣ್ಣೆ ಪೀಪಾಯಿ ಬಾರಿಸುತ್ತಿದ್ದವನು ಕೈಯಲ್ಲಿದ್ದ ಶಾಫ್ಟನ್ನು ಮೆಲ್ಲಗೆ ನೆಲಕ್ಕಿಟ್ಟ. ನಾನು ಯಾರ ಮುಖವನ್ನೂ ನೋಡದೆ ಬಟ್ಟೆ ತಂದು ಕಲ್ಲನ್ನು ಒರೆಸಿದೆ, ಮುಟ್ಟಿ ಕಣ್ಣಿಗೊತ್ತಿಕೊಂಡೆ, ಕೈಮುಗಿದೆ, ಹೊದಿಕೆ ಹಾಕಿದೆ. ಕನ್ನಡಕ ತೆಗೆದುಕೊಂಡು ಮನೆಗೆ ಬಂದೆ. ಇಷ್ಟು ಹೊತ್ತೂ ನಿಶಾ ಕ್ಯಾಮೆರಾ ನಿಲ್ಲಿಸಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಈಗ ಎಡವಟ್ಟಿಗೆ ಬರುತ್ತೇನೆ. ಕಲ್ಲಿಗೆ ಏಟು ಬಿದ್ದಿರಬಹುದೆಂಬ ಅನುಮಾನ ಬಂದರೆ ಅದರ ಮೇಲೆ ಮತ್ತೆ ಕೆಲಸ ಮಾಡುವ ಮುಂಚೆ ಡಯಲ್ ಓಡಿಸಿ ನೋಡಬೇಕು. ಇದು ಮೊದಲ ಪಾಠ. ಸೋಮವಾರ ಬೆಳಿಗ್ಗೆ ಎರಡು ಲಾರಿ ಬಾಗಿಲಲ್ಲಿ ನಿಂತಿದ್ದವು. ರಂಗರಾಜು ಸಾರ್ "ಬೇಗ ರತ್ನಮ್ಮನವ್ರೇ, ಬೇಗ" ಎಂದು ಬೆನ್ನು ಬಿದ್ದಿದ್ದರು. ಗ್ರಾನೈಟ್ ತಾನೇ, ಏನಾಗುತ್ತದೆ, ಮಧ್ಯಾಹ್ನ ನೋಡಿದರಾಯಿತು ಎಂದುಕೊಂಡೆ. ಮಧ್ಯಾಹ್ನ ಮರೆತೆ. ಮರುದಿನವೂ ಮರೆತೆ. ಇಪ್ಪತ್ತು ದಿನ ಅದೇ ಕಲ್ಲಿನ ಮೇಲೆ ಶಾಫ್ಟ್ ಅಳೆದು, ಸರಿಯಿದೆ ಎಂದು ನನ್ನ ಮುದ್ರೆ ಒತ್ತಿ ಕಳಿಸಿದೆ.

ಇಪ್ಪತ್ತೊಂದನೆಯ ದಿನ ದೇಶಪಾಂಡೆ ಬಂದರು.

ದೇಶಪಾಂಡೆ ಎಂದರೆ ಎಲೆಕ್ಟ್ರಾನಿಕ್ ಸಿಟಿಯ ಆಚೆಗಿದ್ದ ಪಂಪು ಕಂಪನಿಯ ಗುಣಮಟ್ಟದ ಅಧಿಕಾರಿ. ಧಾರವಾಡದವರು. ನಮ್ಮ ಶಾಫ್ಟುಗಳಲ್ಲಿ ಮುಕ್ಕಾಲು ಪಾಲು ಅವರ ಕಂಪನಿಗೇ ಹೋಗುತ್ತಿತ್ತು. ಅವರು ಬೇಡವೆಂದರೆ ನಮ್ಮ ಲೇತುಗಳಲ್ಲಿ ಅರ್ಧಕ್ಕೂ ಹೆಚ್ಚು ನಿಲ್ಲುತ್ತಿದ್ದವು, ಆ ಬಾಗಲಕೋಟೆ ಹುಡುಗರು ಗಂಟುಮೂಟೆ ಕಟ್ಟಬೇಕಿತ್ತು. ಅವರು ಬಂದರೆಂದರೆ ಕ್ಯಾಂಟೀನಿನವನು ಕೂಡ ಪಾತ್ರೆ ಸದ್ದಾಗದಂತೆ ತೊಳೆಯುತ್ತಿದ್ದ. ಅವತ್ತು ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು. ಕಲ್ಲಿನ ಕೋಣೆಯಲ್ಲೇ ಎಲ್ಲರನ್ನೂ ಕೂರಿಸಿದರು: ರಂಗರಾಜು ಸಾರ್, ಮೊದಲೇ ಫೋನ್ ಮಾಡಿ ಕರೆಸಿದ್ದ ಚೇತನ್ ಮತ್ತು ನಿಶಾ, ನಾನು.

"ನಮ್ಮ ಆಫೀಸಿನ ಹುಡುಗ್ರು ಚಾ ಕುಡೀತಾ ಈ ಹಾಡಿನ ವಿಡಿಯೋ ನೋಡಿ ನೋಡಿ ನಗತಿದ್ರು. ನೋಡಿದ್ರ, ನಿಮ್ಮ ಫ್ಯಾಕ್ಟರಿ! ಒಂದೊಂದ ಚಿತ್ರ ನಿಲ್ಲಿಸಿ ನೋಡೋಣ. ನಂಗ ಹದಿನೇಳು ಪ್ರಶ್ನಿ ಅವ."

ನನ್ನ ಜೀವಮಾನದಲ್ಲಿ ನಾನು ಹಾಡೊಂದನ್ನು ಹೀಗೆ ನೋಡಿದ್ದಿಲ್ಲ. ನಾಲ್ಕು ನಿಮಿಷದ ಹಾಡಿಗೆ ಎರಡೂವರೆ ಗಂಟೆ ಹಿಡಿಯಿತು.

"ಈ ಮನುಷ್ಯಾ ಕರೀ ಗಾಗಲ್ ಹಾಕ್ಕೊಂಡಾನ. ಸೇಫ್ಟಿ ಗಾಗಲ್ ಎಲ್ಲದರೀ?"

"ಅದು ಸ್ಟೈಲ್ ಸಾರ್," ಎಂದ ಚೇತನ್.

"ಬರಕೋತೀನಿ. ಸ್ಟೈಲ್. ಈ ಹೊಗಿ ಎಲ್ಲಿಂದ ಬಂತು?"

"ಫಾಗ್ ಮಷೀನ್ ಸಾರ್. ಮೂಡ್‌ಗೋಸ್ಕರ," ಎಂದಳು ನಿಶಾ.

"ಮೂಡ್‌ಗೆ. ಛಲೋ. ಲೇತಿನ ಬಾಜೂ ಕೂದಲ ಬಿಟಗೊಂಡು ನಿಂತಾನಲ್ಲ ಇವ, ಸಿಕ್ಕೊಂಡ್ರ ಏನು ಗತಿ? ಅದೂ ಮೂಡ್ ಏನು?"

ಹಾಡಿನ ಪಲ್ಲವಿ ಬಂತು. "ನಾನು ಯಾವ ಅಳತೆಗೂ ಸಿಗೋನಲ್ಲ" ಎಂದು ಚೇತನ್ ತೆರೆಯ ಮೇಲೆ ಕಿರುಚುತ್ತಿದ್ದ. ದೇಶಪಾಂಡೆ ಅಲ್ಲಿಗೇ ನಿಲ್ಲಿಸಿ ರಂಗರಾಜು ಸಾರ್ ಕಡೆ ತಿರುಗಿದರು.

"ಇದು ನಿಮ್ಮ ಕಂಪನಿ ಪಾಲಿಸಿ ಏನ್ರಿ?"

ರಂಗರಾಜು ಸಾರ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. ಮುಂದಿನ ದೃಶ್ಯದಲ್ಲಿ ಡ್ರಮ್ಮಿನವನು ಶಾಫ್ಟುಗಳಿಂದ ಪೀಪಾಯಿ ಬಾರಿಸುತ್ತಿದ್ದ. "ಇವು ನಮಗ ಕಳಿಸೋ ಶಾಫ್ಟ್ ಅಲ್ಲೇನು? ನಾಲ್ಕು ಕಾಣಸ್ತಾವ." ಇಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ಎದ್ದುಹೋಗಿ ತೆರೆಯ ಮೇಲೆ ಬೆರಳಿಟ್ಟೆ.

"ತುದೀಲಿ ಕೆಂಪು ಬಣ್ಣ ನೋಡಿ ಸಾರ್. ನಾನೇ ಬಳಿದದ್ದು. ಎಲ್ಲಾ ರಿಜೆಕ್ಟ್ ಪೀಸು. ಮತ್ತೆ ನಾಲ್ಕಲ್ಲ, ಐದು. ಆ ಕಂಬದ ಹಿಂದೆ ಒಂದಿದೆ, ನೀವು ನೋಡಿಲ್ಲ."

ದೇಶಪಾಂಡೆ ಕನ್ನಡಕ ಏರಿಸಿ ನೋಡಿ, ನಾಲ್ಕನ್ನು ಹೊಡೆದು ಐದು ಎಂದು ಬರೆದುಕೊಂಡರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆ ಎರಡು ನಿಮಿಷ ಬಾಳಿತು.

ಹಾಡಿನ ಕೊನೆಗೆ ಬಂದೆವು. ಸಂಗೀತ ನಿಂತಿತು. ಹೊಗೆಯೊಳಗಿಂದ ಮೂಗಿಗೆ ಸೆರಗು ಹಿಡಿದುಕೊಂಡು ಒಬ್ಬ ಹೆಂಗಸು ಬಂದಳು. ನಾನೇ! ಬೈಗುಳವೂ ಪೂರ್ತಿ ಇತ್ತು, ಒಂದಕ್ಷರ ಬಿಟ್ಟಿರಲಿಲ್ಲ. ಆಮೇಲೆ ಒರೆಸುವುದು, ಕೈಮುಗಿಯುವುದು, ಹೊದಿಕೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ನಾನು ನಿಶಾಳನ್ನು ನೋಡಿದೆ, ಅವಳು ಕಿಟಕಿ ನೋಡಿದಳು. "ಅದೇ ಬೆಸ್ಟ್ ಪಾರ್ಟ್ ಆಂಟಿ, ಎಲ್ರೂ ಅದನ್ನೇ ಶೇರ್ ಮಾಡ್ತಿದಾರೆ" ಎಂದು ಗೊಣಗಿದಳು.

ದೇಶಪಾಂಡೆ ಲ್ಯಾಪ್‌ಟಾಪ್ ಮುಚ್ಚಿದರು.

"ಹದಿನಾರು ಪ್ರಶ್ನಿ ಮುಗದ್ವು. ಹದಿನೇಳನೇದು. ಅವ ಮ್ಯಾಲೆ ಕುಣದ ಮ್ಯಾಲ ಈ ಕಲ್ಲನ್ನ ಚೆಕ್ ಮಾಡೀರೇನು?"

"ಮಾಡಿದ್ರು ಸಾರ್!" ಎಂದರು ರಂಗರಾಜು ಸಾರ್ ಥಟ್ಟನೆ. "ನಮ್ ರತ್ನಮ್ಮನವ್ರು ಇದಾರಲ್ಲ, ಅವರು ಬಿಡ್ತಾರಾ? ನೋಡಿದ್ರಲ್ಲ ನೀವೇ."

"ನಾ ಅವ್ರನ್ನ ಕೇಳಿದ್ದು."

ಎಲ್ಲರೂ ನನ್ನನ್ನೇ ನೋಡಿದರು. ಹೌದು ಎಂದರೆ ಮುಗಿಯುತ್ತಿತ್ತು. ವಿಡಿಯೋದಲ್ಲೇ ಒರೆಸುತ್ತಿದ್ದೇನೆ, ಯಾರಿಗೆ ಗೊತ್ತಾಗುತ್ತದೆ? ಗಾಜಿನ ಆಚೆ ಲೇತಿನ ಹುಡುಗರು ಕೆಲಸ ಮಾಡುವಂತೆ ನಟಿಸುತ್ತ ನಮ್ಮ ಕಡೆಗೇ ಕಣ್ಣಿಟ್ಟಿದ್ದರು. ಇಲ್ಲ ಎಂದರೆ ಅವರ ಕೆಲಸವೂ ಹೋಗಬಹುದು, ನನ್ನದೂ ಹೋಗಬಹುದು. ನಿಜ ಹೇಳುತ್ತೇನೆ, ಹೌದು ಎನ್ನಲು ಬಾಯಿ ತೆರೆದಿದ್ದೆ. ಆದರೆ ಅದೇ ಹುಡುಗರು ಗೋಗರೆದಾಗ ಅವರ ಹೆಸರನ್ನು ಒಂದೊಂದಾಗಿ ಕೆಂಪು ಚೀಟಿಯಲ್ಲಿ ಬರೆದ ಕೈ ಇದು. ನಾಚಿಕೆಯಾಯಿತು.

"ಇಲ್ಲ ಸಾರ್," ಎಂದೆ. "ಒರೆಸಿದೆ. ಕೈಮುಗಿದೆ. ಚೆಕ್ ಮಾಡ್ಲಿಲ್ಲ."

"ಕೈ ಮುಗದ್ರ ಕಲ್ಲು ಸಪಾಟ ಆಗ್ತದೇನ್ರಿ?"

"ಇಲ್ಲ ಸಾರ್."

ರಂಗರಾಜು ಸಾರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ನಾನು ಡ್ರಾಯರಿನಿಂದ ಒಂದು ಕೆಂಪು ಚೀಟಿ ತೆಗೆದೆ. ಏನು ದೋಷ: ಚೆಕ್ ಮಾಡಿಲ್ಲ. ಕಾರಣರಾದವರು: ರತ್ನಮ್ಮ. ತಪಾಸಣೆ ಮಾಡಿದವರು: ರತ್ನಮ್ಮ. ಬರೆದು ಕಲ್ಲಿನ ಕಬ್ಬಿಣದ ಕಾಲಿಗೆ ಕಟ್ಟಿದೆ. ದೇಶಪಾಂಡೆ ಬಗ್ಗಿ ಅದನ್ನು ಓದಿದರು. "ಇಪ್ಪತ್ತು ದಿನದ ಮಾಲ್ ಪೂರಾ ವಾಪಸ್ ಕಳಸ್ತೀನಿ. ಒಂದೊಂದನ್ನೂ ಮತ್ತ ಅಳೀರಿ" ಎಂದು ಹೇಳಿ ಹೊರಟುಹೋದರು. ನಮ್ಮ ಕಾರ್ಖಾನೆಯನ್ನು ಉಳಿಸಿಕೊಂಡರೋ ಬಿಟ್ಟರೋ ಒಂದೂ ಹೇಳಲಿಲ್ಲ.

ಕಲ್ಲು ಪರೀಕ್ಷೆ ಮಾಡುವವರನ್ನು ಕರೆಸಿದೆವು. ಗೋಡೆ ಕಡೆಯ ಮೂಲೆಯಲ್ಲಿ, ಬೂಟಿನ ಲಾಳ ಬಡಿದ ಕಡೆ, ಉಗುರಿನಷ್ಟು ಚಕ್ಕೆ ಎದ್ದುಹೋಗಿತ್ತು. ಎಗರಾಟಕ್ಕೆ ಒಂದು ಕಾಲೂ ಸಡಿಲವಾಗಿತ್ತು. ಅವರು ಅದನ್ನು ಸರಿಪಡಿಸುವಷ್ಟರಲ್ಲಿ ಪಕ್ಕದ ಕಾರ್ಖಾನೆಯವರ ಕೈಕಾಲು ಹಿಡಿದು ಅವರ ಕಲ್ಲಿನ ಮೇಲೆ ಎಲ್ಲ ಶಾಫ್ಟುಗಳನ್ನೂ ಮತ್ತೆ ಅಳೆದೆ. ಎರಡು ವಾರ. ಎಣ್ಣೆ ಬಳಿದ ಶಾಫ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ನನ್ನ ಕೈಗೆ ಕೊಡುತ್ತಿದ್ದವನು ಯಾರು ಗೊತ್ತೇ? ಚೇತನ್. ಆ ಉದ್ದ ಕೂದಲಿಗೆ ಹೇರ್‌ನೆಟ್, ಕಣ್ಣಿಗೆ ಸೇಫ್ಟಿ ಗಾಗಲ್, ಕೈಗೆ ಗ್ಲೌಸ್. "ಯಾವ ಅಳತೆಗೂ ಸಿಗೋನಲ್ಲ ಅಂತಿದ್ಯಲ್ಲ ಮಗನೇ" ಎಂದು ದಿನಕ್ಕೆ ನಾಲ್ಕು ಸಲವಾದರೂ ರೇಗಿಸುತ್ತಿದ್ದೆ. ಮೂರು ಶಾಫ್ಟ್ ಡೊಂಕಾಗಿದ್ದವು. ಮೂರಕ್ಕೂ ನನ್ನ ಮುದ್ರೆ ಬಿದ್ದಿತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ವರದಿ ಕಳಿಸಿದೆವು. ಒಂದು ವಾರದ ಮೇಲೆ ಪಂಪು ಕಂಪನಿಯಿಂದ ಎಂದಿನಂತೆ ಮುಂದಿನ ತಿಂಗಳ ಆರ್ಡರ್ ಬಂತು. ಜೊತೆಗೆ ಒಂದು ಮಾತೂ ಇರಲಿಲ್ಲ. ರಂಗರಾಜು ಸಾರ್ ಇಡೀ ಕಾರ್ಖಾನೆಗೆ ಮೈಸೂರುಪಾಕು ಹಂಚಿದರು, ನನಗೆ ಕೊಡುವಾಗ ಮುಖ ನೋಡಲಿಲ್ಲ, ಆದರೆ ಎರಡು ತುಂಡು ಕೊಟ್ಟರು.

ಇನ್ನು ಆಲ್ಬಮ್ಮಿನ ಕಥೆ. ಕಲ್ಲಿನ ಕಾಲಿಗೆ ಕಟ್ಟಿದ್ದ ಚೀಟಿಯನ್ನು ನಿಶಾ ಅವತ್ತೇ ಫೋಟೋ ತೆಗೆದಿಟ್ಟುಕೊಂಡಿದ್ದಳು. ಕೆಲವು ತಿಂಗಳ ಮೇಲೆ ಒಂದು ದೊಡ್ಡ ಫೈಲು ಹಿಡಿದು ಬಂದಳು. ಆಲ್ಬಮ್ಮಿನ ಹೊದಿಕೆ, ಪೋಸ್ಟರ್, ಅಂಗಡಿಗಳಲ್ಲಿ ನೇತುಹಾಕುವ ಕಾರ್ಡು, ಎಲ್ಲವೂ ಕೆಂಪು ಚೀಟಿಯೇ. ನನ್ನ ಕೈಬರಹವೇ. ಆಲ್ಬಮ್ಮಿನ ಹೆಸರು "ಚೆಕ್ ಮಾಡಿಲ್ಲ".

"ನೀವು ಓಕೆ ಅಂದ್ರೆ ಮಾತ್ರ ಪ್ರಿಂಟ್, ಆಂಟಿ. ಡಿಸೈನ್ ನೋಡಿ ಹೇಳಿ."

ನೋಡಿ ಹೇಳಿ ಎಂದ ಮೇಲೆ ಬಿಡುವುದುಂಟೆ? ಅಸಲಿ ಚೀಟಿ ಪಕ್ಕದಲ್ಲಿಟ್ಟುಕೊಂಡು ವರ್ನಿಯರ್ ತೆಗೆದೆ.

"ಈ ಕೆಂಪು ತಪ್ಪು. ಇದು ಮದುವೆ ಸೀರೆ ಕೆಂಪು. ರಿಜೆಕ್ಟ್ ಕೆಂಪು ಇನ್ನೂ ಕಣ್ಣಿಗೆ ಹೊಡೀಬೇಕು."

"ಓಕೆ ಆಂಟಿ."

"ದಾರ ಗಿಡ್ಡ. ಈ ತೂತು ಮಧ್ಯದಲ್ಲಿಲ್ಲ, ಎರಡು ಮಿಲಿಮೀಟರ್ ಎಡಕ್ಕಿದೆ."

"ಅದು ಬೇಕೂಂತಲೇ ಮಾಡಿರೋದು ಆಂಟಿ. ಇಂಪರ್ಫೆಕ್ಟ್ ಆಗಿರ್ಲಿ ಅಂತ. ಕಾನ್ಸೆಪ್ಟ್."

ಅಷ್ಟು ವರ್ಷದಲ್ಲಿ ಎಷ್ಟು ಆಪರೇಟರುಗಳಿಂದ ಇದೇ ಮಾತು ಕೇಳಿದ್ದೆನೋ! ಸರಿಮಾಡಿಸು ಎನ್ನಲು ಹೋದವಳು ಅಲ್ಲೇ ತಡೆದೆ. ಈ ಕಾರ್ಡುಗಳು ಪೀಣ್ಯದಲ್ಲೂ ಹರಿದಾಡುತ್ತವೆ. ಅಸಲಿಯಂತೆಯೇ ಇದ್ದು ಯಾರಾದರೂ ಒಳ್ಳೆಯ ಮಾಲಿಗೆ ಕಟ್ಟಿದರೆ? "ತೂತು ಹಾಗೇ ಇರಲಿ, ನನಗೆ ಗುರುತು ಸಿಗುತ್ತೆ" ಎಂದು ಒಪ್ಪಿಗೆ ಕೊಟ್ಟೆ. ತಿಂಗಳೊಳಗೆ ನಮ್ಮ ಹುಡುಗರ ಟಿಫಿನ್ ಡಬ್ಬಿ, ಬೈಕು, ಕೊನೆಗೆ ರಂಗರಾಜು ಸಾರ್ ಕುರ್ಚಿಯ ಬೆನ್ನಿಗೂ ಆ ಚೀಟಿ ನೇತಾಡಿತು. ವರ್ತೂರಿನಿಂದ ನನ್ನ ನಾದಿನಿ ಗಾಬರಿಯಲ್ಲಿ ಫೋನ್ ಮಾಡಿದಳು.

"ಅತ್ತಿಗೆ, ಬಸ್ ಸ್ಟಾಪ್ ಗೋಡೆ ಮೇಲೆಲ್ಲಾ ಕಾರಣರಾದವರು ರತ್ನಮ್ಮ ಅಂತ ಹಾಕವ್ರೆ! ಏನ್ ಮಾಡ್ಕೊಂಡ್ರಿ?"

ಮುಂದೆ ನಾನು ನಿವೃತ್ತಳಾದ ದಿನ ಕಲ್ಲಿನ ಕೋಣೆಯಲ್ಲೇ ಚಿಕ್ಕ ಸಮಾರಂಭ ಮಾಡಿದರು. ನನ್ನ ಜಾಗಕ್ಕೆ ಬಂದ ಹುಡುಗಿಗೆ ಆ ಚಕ್ಕೆ ಎದ್ದ ಮೂಲೆ ತೋರಿಸಿ, ಇಲ್ಲಿ ಯಾವ ಶಾಫ್ಟನ್ನೂ ಇಡಬೇಡ ಎಂದೆ. ಅಷ್ಟರಲ್ಲಿ ಕರೆಯದೆಯೇ ದೇಶಪಾಂಡೆ ಬಂದರು. ಅವರೂ ನಿವೃತ್ತರಾಗಿದ್ದರು, ಕೂದಲು ಪೂರ್ತಿ ನೆರೆತಿತ್ತು. ಹುಡುಗರು ಅವರಿಗೆ ಟೀ ಕೊಟ್ಟರು. ಒಂದು ಗುಟುಕು ಕುಡಿದು ಎರಡು ಮಾತು ಹೇಳುತ್ತೇನೆ ಎಂದರು.

"ಅವತ್ತ ನಾ ಬರೋಮುಂದ ನನ್ನ ಚೀಲದಾಗ ಎರಡು ಕಾಗದ ಇದ್ವು. ಒಂದು, ಮಾಲ್ ವಾಪಸ್ ಕಳಸೋದು. ಇನ್ನೊಂದು, ನಿಮ್ಮ ಕಂಪನಿ ಸಂಬಂಧಾನ ಮುಗಸೋದು. ಎರಡಕ್ಕೂ ಸಹಿ ಆಗಿತ್ತು."

ರಂಗರಾಜು ಸಾರ್ ಕೈಯಲ್ಲಿದ್ದ ಹಾರ ಹಾಗೇ ನಿಂತಿತು.

"ಆ ವಿಡಿಯೋದ ಕಡೀ ಭಾಗ ನಾ ಮನ್ಯಾಗ ಹತ್ತು ಸರ್ತಿ ನೋಡಿದ್ದೆ. ರತ್ನಮ್ಮನವರ ಕೈಯಾಗ ಅರಿವಿ ಅದ, ಡಯಲ್ ಇಲ್ಲ. ಶೂಟಿಂಗ್ ಆದ ತಾರೀಖು ವಿಡಿಯೋದ ಕೆಳಗ ಇತ್ತು; ಮರುದಿನದ ತಪಾಸಣೆ ವರದಿ ಸೋಮವಾರದ ಮಾಲಿನ ಜೋಡಿ ನಮ್ಮಲ್ಲಿಗೇ ಬಂದಿತ್ತು, ಅದರಾಗೂ ಕಲ್ಲಿನ ಚೆಕ್ ಬರದಿದ್ದಿಲ್ಲ. ಉತ್ತರ ನನಗ ಗೊತ್ತಿತ್ತು. ಇವರೇನು ಹೇಳ್ತಾರ ಅನ್ನೋದಷ್ಟ ಕೇಳಲಿಕ್ಕೆ ಬಂದಿದ್ದೆ." ಅವರು ನನ್ನ ಕಡೆ ಕೈ ತೋರಿಸಿದರು. "ಹೌದು ಅಂದಿದ್ರ ಎರಡನೇ ಕಾಗದ ಕೊಟ್ಟು ಹೋಗ್ತಿದ್ದೆ. ನನ್ನ ಸರ್ವೀಸಿನಾಗ ತಮ್ಮ ಹೆಸರಿಗೆ ತಾವ ಕೆಂಪು ಚೀಟಿ ಬರದವ್ರನ್ನ ನಾ ಇವರೊಬ್ಬರನ್ನ ನೋಡೇನಿ."

ಚೇತನ್ ಮೂಗು ಒರೆಸಿಕೊಂಡ. ಲೇತಿನ ಹುಡುಗರು ಚಪ್ಪಾಳೆ ತಟ್ಟಿದರು. ನನಗೂ ಕಣ್ಣು ತುಂಬಿ ಬಂತು, ಏನಾದರೂ ಹೇಳಬೇಕೆಂದು ಎದ್ದು ನಿಂತೆ. ಮಾತಾಡುವ ರಭಸದಲ್ಲಿ ದೇಶಪಾಂಡೆ ಟೀ ಲೋಟವನ್ನು ಪಕ್ಕಕ್ಕೆ ಇಟ್ಟಿದ್ದರು. ಅಡಿಯಲ್ಲಿ ಏನಿದೆ ಎಂದು ನೋಡಿದೆ.

"ಸಾರ್," ಎಂದೆ, "ಮೊದಲು ಕಲ್ಲಿನ ಮೇಲಿಂದ ಆ ಲೋಟ ತೆಗೀರಿ!"